ಮೆಮೊರಿಯೊಳಗಿನ ಕಡತ ವ್ಯವಸ್ಥೆ ಮತ್ತು ಕನ್ನಡ ಹೆಸರಿನ ಕಡತಗಳು: ತಂತ್ರಾಂಶ ಪರೀಕ್ಷೆಯ ಒಂದು ಮಿತಿ

ತಂತ್ರಾಂಶವನ್ನು ಪರೀಕ್ಷಿಸುವಾಗ ಡಿಸ್ಕನ್ನು ಮುಟ್ಟದೆ ಮೆಮೊರಿಯಲ್ಲೇ ಕಡತಗಳನ್ನು ಹುಟ್ಟಿಸಿ ಅಳಿಸುವುದು ಈಗ ರೂಢಿ. ಪರೀಕ್ಷೆ ಬೇಗ ಮುಗಿಯುತ್ತದೆ; ಒಂದು ಪರೀಕ್ಷೆ ಬಿಟ್ಟುಹೋದ ಕಸ ಇನ್ನೊಂದನ್ನು ಕೆಡಿಸುವುದಿಲ್ಲ. ಪೈಥಾನ್‌ಗೆ ಪೈಫೇಕ್‌ಎಫ್‌ಎಸ್, ಜಾವಾಕ್ಕೆ ಗೂಗಲ್‌ನ ಜಿಮ್‌ಎಫ್‌ಎಸ್ ಇವೆ. ಗೋ ಭಾಷೆಯಂತೂ 2021ರ 1.16ನೇ ಆವೃತ್ತಿಯಲ್ಲಿ ಮ್ಯಾಪ್‌ಎಫ್‌ಎಸ್ ಅನ್ನು ತನ್ನ ಜೊತೆಯಲ್ಲೇ ಕೊಟ್ಟಿತು. ಆದರೆ ಕನ್ನಡ ಹೆಸರಿನ ಕಡತಗಳ ಮಟ್ಟಿಗೆ ಇವು ಕೊಡುವ ‘ಪಾಸ್’ ಅನ್ನು ಹಾಗೆಯೇ ಒಪ್ಪಲಾಗದು.

ಲಿನಕ್ಸ್‌ನ ಎಕ್ಸ್ಟ್4ನಲ್ಲಿ ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ಸಿಂಧನೂರು ತಾಲ್ಲೂಕಿನ ‘ಮುಕ್ಕುಂದ’ವನ್ನೇ ನೋಡಿ: ಕಣ್ಣಿಗೆ ಮೂರೇ ಅಕ್ಷರ, ಯೂನಿಕೋಡ್‌ನಲ್ಲಿ ಎಂಟು ಸಂಕೇತ, ಡಿಸ್ಕಿನಲ್ಲಿ 24 ಬೈಟ್. ಅಂದರೆ ಕನ್ನಡಕ್ಕೆ ಸಿಗುವುದು 85 ಸಂಕೇತ ಮಾತ್ರ. ಜಿಲ್ಲೆ, ಹೋಬಳಿ, ಗ್ರಾಮ, ಅರ್ಜಿದಾರರ ಹೆಸರು, ಅರ್ಜಿಯ ಉದ್ದೇಶ ಎಲ್ಲವನ್ನೂ ಒಂದೇ ಹೆಸರಿಗೆ ತುರುಕಿದರೆ (ನಮ್ಮಲ್ಲಿ ತುರುಕುವವರೇ ಹೆಚ್ಚು) ಈ ಮಿತಿ ದಾಟುವುದು ಕಷ್ಟವಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಎಣಿಸದೆ ಯುಟಿಎಫ್-16 ಘಟಕಗಳನ್ನು ಎಣಿಸುವುದರಿಂದ ಅಲ್ಲಿ 255 ಕನ್ನಡ ಸಂಕೇತಗಳೂ ಹಿಡಿಯುತ್ತವೆ. ಮ್ಯಾಪ್‌ಎಫ್‌ಎಸ್ ಬರೀ ಹೆಸರು-ಕಡತಗಳ ಜೋಡಿಪಟ್ಟಿ. ಉದ್ದದ ತಕರಾರೇ ಅದಕ್ಕಿಲ್ಲ. ಅಲ್ಲಿ ಪಾಸಾದ ಉದ್ದನೆಯ ಹೆಸರು ಲಿನಕ್ಸ್ ಸರ್ವರಿನಲ್ಲಿ ಬೀಳುತ್ತದೆ.

ಇದಕ್ಕಿಂತ ಕಳ್ಳ ದೋಷ ಇನ್ನೊಂದು. ಅದೇ ತಾಲ್ಲೂಕಿನ ‘ಜವಳಗೇರಾ’ದಲ್ಲಿರುವ ‘ಗೇ’ಯ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ದೀರ್ಘಚಿಹ್ನೆ ಸೇರಿಸಿ ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣದು. ಬೈಟುಗಳು ಮಾತ್ರ ಒಂದರಲ್ಲಿ 21, ಇನ್ನೊಂದರಲ್ಲಿ 24. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಎಕ್ಸ್ಟ್4ಗೆ ಸಾಮಾನ್ಯವಾಗಿ ಇವೆರಡೂ ಬೇರೆ ಬೇರೆ ಕಡತಗಳು. ಜಿಮ್‌ಎಫ್‌ಎಸ್‌ನ ಮ್ಯಾಕ್ ಮಾದರಿಯ ಸಂರಚನೆ ಎರಡನ್ನೂ ಒಂದೆಂದೇ ಗುರುತಿಸುತ್ತದೆ. ಇದು ಅದರ ಹೆಗ್ಗಳಿಕೆ, ಆದರೆ ಆ ಸಂರಚನೆಯನ್ನು ನಾವೇ ಆರಿಸಿಕೊಳ್ಳಬೇಕು.

ಮರುಹೆಸರಿಸುವಿಕೆಯ ಮಾತೂ ಇದೆ. ಮಸ್ಕಿ ಹೊಸ ತಾಲ್ಲೂಕಾದಂತೆ ಗಡಿ ಬದಲಾದಾಗ ಊರಿನ ಫೋಲ್ಡರನ್ನು ಸ್ಥಳಾಂತರಿಸಬೇಕೆನ್ನಿ. ಎರಡು ತಾಲ್ಲೂಕುಗಳ ದಾಖಲೆ ಬೇರೆ ಬೇರೆ ಡಿಸ್ಕಿನಲ್ಲಿದ್ದರೆ ಬರೀ ಮರುಹೆಸರಿಸುವ ಆಜ್ಞೆ ನಡೆಯದು, ನಕಲಿಸಿ ಅಳಿಸಬೇಕು. ಮೆಮೊರಿಯಲ್ಲಿ ಸಾಮಾನ್ಯವಾಗಿ ಎಲ್ಲವೂ ಒಂದೇ ಮರದಡಿ ಇರುವುದರಿಂದ ಈ ದೋಷ ತಲೆಯೆತ್ತುವುದಿಲ್ಲ.

ಲಿನಕ್ಸ್‌ನ ಟಿಎಂಪಿಎಫ್‌ಎಸ್ ಮೆಮೊರಿಯಲ್ಲೇ ಇದ್ದರೂ ಕರ್ನಲ್ ಮೂಲಕ ಹಾಯುವುದರಿಂದ 255 ಬೈಟಿನ ಮಿತಿಯನ್ನು ಪಾಲಿಸುತ್ತದೆ. ನಿತ್ಯದ ಪರೀಕ್ಷೆಗೆ ನನ್ನ ಒಲವು ಅದರತ್ತ. ಕನ್ನಡ ದಾಖಲೆಗಳ ತಂತ್ರಾಂಶ ಬರೆಯುವವರು ‘ಟೆಸ್ಟ್1’ ಬದಲು ಮುಕ್ಕುಂದ, ಜವಳಗೇರಾದಂಥ ಹೆಸರುಗಳನ್ನೇ ಪರೀಕ್ಷೆಗೆ ಹಾಕಿ, ಬಿಡುಗಡೆಗೆ ಮುನ್ನ ನಿಜವಾದ ಡಿಸ್ಕಿನ ಮೇಲೂ ಒಮ್ಮೆ ಓಡಿಸಬೇಕು.