‘ಸುಯಿಕೊಡೆನ್’: ನೂರೆಂಟು ಹೆಸರುಗಳ ಶಿಲಾಫಲಕ

‘ಗೆನ್ಸೊ ಸುಯಿಕೊಡೆನ್’ ಜಪಾನಿನ ಕೊನಾಮಿ ಸಂಸ್ಥೆ ಹೊರತಂದ ವಿಡಿಯೊ ಗೇಮ್ ಸರಣಿ. ಆಟಗಾರನು ಕಥಾನಾಯಕನ ಪಾತ್ರ ವಹಿಸಿ ಆಡುವ ‘ರೋಲ್ ಪ್ಲೇಯಿಂಗ್’ ಪ್ರಕಾರಕ್ಕೆ ಇದು ಸೇರುತ್ತದೆ. ಮೊದಲ ಆಟ 1995ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್‌ಗಾಗಿ ಬಿಡುಗಡೆಯಾಯಿತು. ಸರಣಿಯ ರೂವಾರಿ ಯೊಶಿತಾಕಾ ಮುರಾಯಾಮಾ. ಚೀನೀ ಕಾದಂಬರಿ ‘ಷುಯಿಹು ಜುವಾನ್’ನ ಹೆಸರನ್ನು ಜಪಾನೀಯರು ಉಚ್ಚರಿಸುವ ಬಗೆಯೇ ‘ಸುಯಿಕೊಡೆನ್’. ‘ಗೆನ್ಸೊ’ ಎಂದರೆ ಕಲ್ಪನಾಲೋಕ.

ಷಿ ನೈಆನ್‌ ಬರೆದುದೆಂದು ಹೇಳಲಾಗುವ ಈ ಕಾದಂಬರಿಯು ಚೀನೀ ಸಾಹಿತ್ಯದ ನಾಲ್ಕು ಮಹಾಕಾದಂಬರಿಗಳಲ್ಲೊಂದು. ಸೊಂಗ್ ರಾಜವಂಶದ ಕಾಲದಲ್ಲಿ ಭ್ರಷ್ಟ ಅಧಿಕಾರಿಗಳ ಕಿರುಕುಳಕ್ಕೆ ಸಿಲುಕಿದವರು, ಕಾನೂನಿನಿಂದ ತಲೆಮರೆಸಿಕೊಂಡವರು ಲಿಯಾಂಗ್‌ಶಾನ್‌ ಜೌಗುಪ್ರದೇಶದಲ್ಲಿ ಸೊಂಗ್ ಜಿಯಾಂಗ್‌ನ ನೇತೃತ್ವದಲ್ಲಿ ಒಂದಾಗುವುದೇ ಕಥೆಯ ತಿರುಳು. ಅವರ ಸಂಖ್ಯೆ 108: 36 ಆಕಾಶದ ನಕ್ಷತ್ರಗಳು, 72 ಭೂಮಿಯ ನಕ್ಷತ್ರಗಳು. ಎಲ್ಲರೂ ಸೇರಿದ ಮೇಲೆ ಅವರ ಹೆಸರುಗಳನ್ನು ಕೆತ್ತಿದ ಶಿಲಾಫಲಕವೊಂದು ದೊರೆಯುತ್ತದೆ.

ಜಪಾನಿಗೆ ಈ ಕಥೆ ಹೊಸದೇನಲ್ಲ. ಚಿತ್ರಕಾರ ಉಟಗಾವಾ ಕುನಿಯೊಶಿ 1827ರ ಸುಮಾರಿಗೆ ಈ ವೀರರ ಮುದ್ರಾಚಿತ್ರ ಸರಣಿಯನ್ನು ಆರಂಭಿಸಿ ಹೆಸರು ಗಳಿಸಿದ್ದನು.

ಆದರೆ ಮುರಾಯಾಮಾ ಕಾದಂಬರಿಯ ಕಥೆಯನ್ನು ಆಟಕ್ಕೆ ಇಳಿಸಲಿಲ್ಲ. ಅಲ್ಲಿಂದ ತಂದದ್ದು ಮುಖ್ಯವಾಗಿ ಆ ಸಂಖ್ಯೆಯನ್ನು ಮತ್ತು ಆ ಕಲ್ಲನ್ನು. ದೇಶ, ಜನ, ಮಾಂತ್ರಿಕ ಶಕ್ತಿ ನೀಡುವ ‘ರೂನ್‌’ಗಳು ಎಲ್ಲವೂ ಕಲ್ಪಿತ. ಮೊದಲ ಆಟದ ನಾಯಕ ಸಾಮ್ರಾಜ್ಯದ ಸೇನಾಪತಿ ಟಿಯೊ ಮೆಕ್‌ಡಾಲ್‌ನ ಮಗ. ಸಾಮ್ರಾಜ್ಯಕ್ಕೆ ತಿರುಗಿಬಿದ್ದು, ಸರೋವರದ ನಡುವಣ ಪಾಳುಕೋಟೆಯನ್ನು ನೆಲೆಯಾಗಿಸಿಕೊಂಡು ಅವನು ಜನರನ್ನು ಒಟ್ಟುಗೂಡಿಸುತ್ತಾನೆ. ಒಬ್ಬೊಬ್ಬರು ಬಂದಂತೆ ಕೋಟೆಯಲ್ಲಿರುವ ಶಿಲಾಫಲಕದ ಮೇಲೆ ಒಂದೊಂದು ಹೆಸರು ಮೂಡುತ್ತದೆ. ಬರುವವರೆಲ್ಲ ಕತ್ತಿ ಹಿಡಿದವರಲ್ಲ. ಕಮ್ಮಾರ, ಅಂಗಡಿಕಾರ, ಸ್ನಾನಗೃಹ ಕಟ್ಟುವವನು, ಜೂಜುಕೋರ, ಎಲ್ಲರಿಗೂ ಅಲ್ಲಿ ಜಾಗವಿದೆ. ಪಾಳು ಬಿದ್ದಿದ್ದ ಕೋಟೆ ಕಣ್ಣೆದುರಿಗೇ ಊರಾಗುತ್ತದೆ.

ಕಾದಂಬರಿಯಲ್ಲಿ 108 ಮಂದಿ ಸೇರುವುದು ವಿಧಿಯ ಬರೆಹ, ಅದು ತಪ್ಪುವಂತಿಲ್ಲ. ಆಟದಲ್ಲಿ ತಪ್ಪಬಹುದು. ಯಾವುದೋ ಹಳ್ಳಿಯಲ್ಲಿ ಒಬ್ಬನನ್ನು ಮಾತನಾಡಿಸದೆ ಮುಂದೆ ನಡೆದರೂ, ಯುದ್ಧದಲ್ಲಿ ಒಬ್ಬನನ್ನು ಕಳೆದುಕೊಂಡರೂ ಲೆಕ್ಕ 107ಕ್ಕೇ ನಿಲ್ಲುತ್ತದೆ. ಇದರ ಬೆಲೆ ತಿಳಿಯುವುದು ಗ್ರೆಮಿಯೊನ ಪ್ರಸಂಗದಲ್ಲಿ. ನಾಯಕನನ್ನು ಬಾಲ್ಯದಿಂದ ಸಾಕಿದ ಈ ಸೇವಕ, ಸೆರೆಮನೆಯೊಂದರಲ್ಲಿ ಮನುಷ್ಯರನ್ನು ತಿನ್ನುವ ಬೀಜಕಣಗಳು ಹರಡಿದಾಗ, ಉಳಿದವರನ್ನು ಆಚೆ ಕಳುಹಿಸಿ ತಾನು ಒಳಗಿನಿಂದ ಬಾಗಿಲು ಮುಚ್ಚಿಕೊಂಡು ಸಾಯುತ್ತಾನೆ. ಅಂತಿಮ ಯುದ್ಧಕ್ಕೆ ಮೊದಲು ಎಲ್ಲ ನಕ್ಷತ್ರಗಳೂ ಕೂಡಿದ್ದರೆ ಮಾತ್ರ ಅವನಿಗೆ ಮರುಜೀವ. ಇಲ್ಲವಾದರೆ ಕಥೆ ಅವನಿಲ್ಲದೆಯೇ ಮುಗಿಯುತ್ತದೆ. ಆಟವನ್ನು ಎರಡನೇ ಬಾರಿ ಆರಂಭಿಸಿದವರಲ್ಲಿ ಹಲವರು ಅವನಿಗಾಗಿಯೇ ಆರಂಭಿಸಿದ್ದರೆ ಆಶ್ಚರ್ಯವಿಲ್ಲ. ತಂದೆ ಟಿಯೊನ ಪಾಲಿಗೆ ಅಂಥ ವಿನಾಯಿತಿ ಇಲ್ಲ. ಮಗನೊಡನೆ ದ್ವಂದ್ವಯುದ್ಧದಲ್ಲಿ ಅವನು ಮಡಿಯಲೇಬೇಕು.

1998ರ ಎರಡನೇ ಆಟವನ್ನು ಸರಣಿಯ ಶಿಖರವೆಂದು ಹಲವರು ಪರಿಗಣಿಸುತ್ತಾರೆ. ಬಾಲ್ಯಸ್ನೇಹಿತರಿಬ್ಬರು ಎದುರು ಪಾಳೆಯಗಳ ನಾಯಕರಾಗುವುದು ಅದರ ವಸ್ತು. ಮೊದಲ ಆಟ ಮುಗಿಸಿದ ದಾಖಲೆ ಮೆಮೊರಿ ಕಾರ್ಡ್‌ನಲ್ಲಿದ್ದರೆ ಹಳೆಯ ನಾಯಕನೂ ಇಲ್ಲಿ ಜೊತೆಗೂಡುವ ಸೌಲಭ್ಯವಿತ್ತು. 2002ರ ಮೂರನೇ ಆಟ ಸಿದ್ಧವಾಗುವ ಮುನ್ನವೇ ಮುರಾಯಾಮಾ ಕೊನಾಮಿ ತೊರೆದರು. ನಾಲ್ಕನೆಯದು 2004ರಲ್ಲಿ, ಐದನೆಯದು 2006ರಲ್ಲಿ ಬಂದವು. 2012ರಲ್ಲಿ ಪಿಎಸ್‌ಪಿಗಾಗಿ ಬಂದ ಆಟ ಜಪಾನಿನಾಚೆಗೆ ಬಿಡುಗಡೆಯಾಗಲಿಲ್ಲ. ಆ ಬಳಿಕ ದೀರ್ಘ ಮೌನ.

ಮೌನ ಮುರಿದವರು ಅಭಿಮಾನಿಗಳು. ಮುರಾಯಾಮಾ ಮತ್ತು ಹಳೆಯ ಸಹೋದ್ಯೋಗಿಗಳು 2020ರಲ್ಲಿ ‘ಕಿಕ್‌ಸ್ಟಾರ್ಟರ್’ ಮೂಲಕ ಸಾರ್ವಜನಿಕರಿಂದ 40 ಲಕ್ಷ ಡಾಲರ್‌ಗೂ ಹೆಚ್ಚು ಹಣ ಸಂಗ್ರಹಿಸಿ, ನೂರಕ್ಕೂ ಹೆಚ್ಚು ಪಾತ್ರಗಳ ‘ಐಯುಡೆನ್ ಕ್ರಾನಿಕಲ್: ಹಂಡ್ರೆಡ್ ಹೀರೋಸ್’ ಆಟವನ್ನು ಕೈಗೆತ್ತಿಕೊಂಡರು. ಅದು 2024ರ ಏಪ್ರಿಲ್ 23ರಂದು ಬಿಡುಗಡೆಯಾಯಿತು. ಮುರಾಯಾಮಾ ಅದೇ ವರ್ಷ ಫೆಬ್ರುವರಿ 6ರಂದು ನಿಧನರಾಗಿದ್ದರು. ಕೊನಾಮಿಯು ಮೊದಲೆರಡು ಆಟಗಳನ್ನು ನವೀಕರಿಸಿ 2025ರ ಮಾರ್ಚ್ 6ರಂದು ಮತ್ತೆ ಮಾರುಕಟ್ಟೆಗೆ ತಂದಿತು.