ಪಾಡ್ದನದಿಂದ ಪರದೆಗೆ: ಕೋಟಿ–ಚೆನ್ನಯರ ಕಥೆ ಬದಲಾದ ಬಗೆ

ನೆಲ್ಯಾಡಿಯಿಂದ ದಕ್ಷಿಣಕ್ಕೆ ಕಡಬ, ಪುತ್ತೂರು, ಸುಳ್ಯಗಳವರೆಗೆ ಹಬ್ಬಿದ ಸೀಮೆ ಕೋಟಿ–ಚೆನ್ನಯರೆಂಬ ಅವಳಿ ವೀರರ ಕಥೆ ನಡೆದ ನೆಲ. ಅವರು ಬೆಳೆದ ಪಡುಮಲೆ, ಸೆರೆಯಾದ ಪಂಜ, ಕಾದಿ ಮಡಿದ ಎಣ್ಮೂರು ಮೂರೂ ಇಲ್ಲಿಯವೇ ಆದ್ದರಿಂದ, ಕಥೆಯನ್ನು ಯಾರು ಬದಲಿಸಿದರೂ ಒರೆಗೆ ಹಚ್ಚುವ ಕೇಳುಗರು ಇಲ್ಲಿದ್ದಾರೆ.

ಇದರ ಹಳೆಯ ರೂಪ ಪಾಡ್ದನ, ಅಂದರೆ ದೈವಗಳ ಮತ್ತು ವೀರರ ಹುಟ್ಟು-ಬಾಳನ್ನು ಹೇಳುವ ತುಳು ಹಾಡುಗಬ್ಬ. ನೇಜಿ, ಅಂದರೆ ಭತ್ತದ ಸಸಿ ನೆಡುವ ಹೆಂಗಸರಲ್ಲಿ ಒಬ್ಬಳು ಸಾಲು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುತ್ತ, ಗದ್ದೆ ಮುಗಿಯುವವರೆಗೆ ಕಥೆಯನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಹಾಡುತ್ತಿದ್ದುದರಿಂದ ಒಬ್ಬಳ ಪಾಡ್ದನ ಇನ್ನೊಬ್ಬಳದರಂತೆ ಇರುತ್ತಿರಲಿಲ್ಲ. ತುಂಬುಗರ್ಭಿಣಿ ದೇಯಿ ಬೈದ್ಯೆತಿ ಪಡುಮಲೆಯ ಅರಸ ಪೆರುಮಳ ಬಲ್ಲಾಳನ ಕಾಲಿನ ಹುಣ್ಣಿಗೆ ಮದ್ದು ಮಾಡುವುದು, ಅವಳ ಮಕ್ಕಳಾದ ಕೋಟಿ–ಚೆನ್ನಯರು ಗದ್ದೆಯ ನೀರಿನ ಜಗಳದಲ್ಲಿ ಎದುರಾಳಿ ಬುದ್ಯಂತನನ್ನು ಕೊಲ್ಲುವುದು ಮುಂತಾದ ಘಟನೆಗಳು ಮಾತ್ರ ಗಟ್ಟಿಯಾಗಿ ಉಳಿದವು.

1886ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಮ್ಯಾನರ್ ಪಾಡ್ದನಗಳನ್ನು ಅಚ್ಚಿಗೆ ತಂದ ಮೇಲೆ ಹಾಡಿಗೆ ಬರಹದ ರೂಪ ಬಂತು; ಮುಂದೆ ಪಂಜೆ ಮಂಗೇಶರಾಯರು ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು, 1939ರಲ್ಲಿ ಪಂದಬೆಟ್ಟು ವೆಂಕಟರಾಯರು ಯಕ್ಷಗಾನ ಪ್ರಸಂಗವಾಗಿಸಿದರು, 1973ರಲ್ಲಿ ವಿಶುಕುಮಾರರ ನಿರ್ದೇಶನದಲ್ಲಿ ತುಳು ಚಲನಚಿತ್ರ ಬಂತು. ಪ್ರಸಂಗವೆಂದರೆ ಭಾಗವತರು ಹಾಡುವ ಪದ್ಯಗಳ ಹೊತ್ತಗೆ. ಮಾತನ್ನು ವೇಷಧಾರಿಯೇ ರಂಗದಲ್ಲಿ ಆಗಿಂದಾಗ ಕಟ್ಟುವುದರಿಂದ ರಂಗದ ಮೇಲೂ ಕಥೆ ದಿನಕ್ಕೊಂದು ಬಗೆಯಾಗಿ ಬೆಳೆಯಿತು. ಅಮೆರಿಕದ ಜಾರ್ಜ್ ಲ್ಯೂಕಾಸ್ 1977ರ ತನ್ನ ವೈಜ್ಞಾನಿಕ ಕಥಾಚಿತ್ರ ‘ಸ್ಟಾರ್ ವಾರ್ಸ್’ ಅನ್ನು 1997ರಲ್ಲಿ ತಿದ್ದಿ ಮತ್ತೆ ತೆರೆಗೆ ತಂದಾಗ ಹಳೆಯ ಅಭಿಮಾನಿಗಳು ಮುನಿದರು, ಏಕೆಂದರೆ ತಾವು ಮೊದಲು ಕಂಡದ್ದೇ ಅವರ ಪಾಲಿಗೆ ನಿಜವಾದ ಕಥೆಯಾಗಿತ್ತು. ಪಾಡ್ದನದ ಕೇಳುಗರಿಗೆ ಅಂಥ ಒಂದೇ ರೂಪ ಎಂದೂ ಇರಲಿಲ್ಲ.

ಆದರೂ ಬದಲಾವಣೆಗೆ ಇಲ್ಲಿ ಎಲ್ಲೆಯಿತ್ತು. ಗರಡಿಗಳಲ್ಲಿ, ಅಂದರೆ ಈ ಅಣ್ಣತಮ್ಮಂದಿರನ್ನು ಬೈದೆರ್ಲು ಎಂಬ ಹೆಸರಿನಲ್ಲಿ ಆರಾಧಿಸುವ ಗುಡಿಗಳಲ್ಲಿ, ನೇಮದ, ಅಂದರೆ ದೈವಾರಾಧನೆಯ ಉತ್ಸವದ ರಾತ್ರಿ ಅವರ ಸಂಧಿಯನ್ನು, ಅಂದರೆ ಪಾಡ್ದನವನ್ನು ಹೇಳಲಾಗುತ್ತದೆ. ಅಲ್ಲಿ ಕೈಮುಗಿದವರ ಮುಂದೆ ವೀರರ ಊರನ್ನಾಗಲಿ ಸಾವನ್ನಾಗಲಿ ಬದಲಿಸುವುದು ಯಾವ ಕವಿಗೂ ಸಾಧ್ಯವಿರಲಿಲ್ಲ. ನಷ್ಟವಾದದ್ದು ಬೇರೆ ಕಡೆ, ಮತ್ತು ಅದು ಚಿಕ್ಕದಲ್ಲ. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತ ಬಂದಂತೆ ನಾಟಿಯ ಹಾಡಿಗೆ ಸಂದರ್ಭವೇ ಕಡಿಮೆಯಾಯಿತು, ಆ ಹಾಡಿನೊಂದಿಗೆ ತಾಯಿಯ ಕಥೆಯನ್ನು ಹೆಂಗಸರೇ ಹೇಳುವ ಬಗೆಯೂ ಹಿಂದೆ ಸರಿಯಿತು. ಆದರೆ ಆ ತಾಯಿಗೆ ಬೇರೆ ನೆಲೆಯೊಂದು ಸಿಕ್ಕಿತು: 2020ರಲ್ಲಿ ಪುತ್ತೂರು ತಾಲೂಕಿನ ಬಡಗನ್ನೂರಿನ ಗೆಜ್ಜೆಗಿರಿ ನಂದನಬಿತ್ತಿಲಿನಲ್ಲಿ ಬ್ರಹ್ಮಕಲಶೋತ್ಸವ ನಡೆದು, ದೇಯಿ ಬೈದ್ಯೆತಿಗೆ ಮಕ್ಕಳ ಜೊತೆ ಆರಾಧನೆ ಸಲ್ಲುವ ಕ್ಷೇತ್ರ ಅಲ್ಲಿ ರೂಪುಗೊಂಡಿತು.