ಕೆಸರಿನ ಶಾಸನ

ಗುರುವಾಯನಕೆರೆ ಎಂಬ ಊರಿನ ಹೆಸರಿನಲ್ಲಿಯೇ ಕೆರೆಯಿದೆ. ಮಂಗಳೂರಿನಿಂದ ಚಾರ್ಮಾಡಿಯತ್ತ ಹೋಗುವವರಿಗೆ ಬೆಳ್ತಂಗಡಿಗಿಂತ ಮೊದಲು ಸಿಗುವ ಈ ಕೂಡುದಾರಿಯಲ್ಲಿ ಬಸ್ಸು ಬದಲಿಸುವವರು ಬಹಳ. ಕೆರೆಯ ದಂಡೆಯಲ್ಲಿ ನಿಲ್ಲುವವರು ಕಡಮೆ. ಈ ಪರಿಸರದಲ್ಲಿ ನೆಲೆಸಿರುವ ನಾನು ಹಳಗನ್ನಡವನ್ನು ಓದಿ, ಅದನ್ನೇ ಮೂರು ದಶಕಗಳ ಕಾಲ ಪಾಠ ಹೇಳಿದವನು. ಭೂವಿಜ್ಞಾನ ನನ್ನ ವಿಷಯವಲ್ಲ. ಆದರೂ ಇಂದು ಅದರ ಬಗೆಗೆ ಮಾತನಾಡಲು ಹೊರಟಿರುವುದಕ್ಕೆ ನಾನೇ ಮಾಡಿದ ಒಂದು ತಪ್ಪು ಕಾರಣ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಸಮೀಪದ ಒಂದು ಚಿಕ್ಕ ಕೆರೆಯ ಹೂಳೆತ್ತುವ ಕೆಲಸ ನಡೆಯಿತು. ಬೇಸಗೆಯಲ್ಲಿ ಬಾವಿಗಳು ಬತ್ತುತ್ತಿದ್ದವು, ಆಗಬೇಕಾದ ಕೆಲಸವೇ. ಊರಿನ ಸಭೆಯಲ್ಲಿ ನಾನೂ ಮಾತನಾಡಿ, ಕೆರೆ ಕಟ್ಟಿಸುವುದು ಪುಣ್ಯಕಾರ್ಯವೆಂದು ಸಾರುವ ಶಾಸನಗಳನ್ನು ಉದಾಹರಿಸಿದೆ. ಯಂತ್ರ ಬಂದಿತು. ಮೂರು ದಿನಗಳಲ್ಲಿ ಹೂಳೆಲ್ಲ ಲಾರಿಯೇರಿ ಅಡಿಕೆ ಮರಗಳ ಬುಡವನ್ನು ಸೇರಿತು. ತಿಂಗಳೊಂದು ಕಳೆದಿರಬೇಕು, ಭೂವಿಜ್ಞಾನದಲ್ಲಿ ಸಂಶೋಧನೆ ನಡೆಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಉದ್ದನೆಯ ಪೈಪೊಂದನ್ನು ಹಿಡಿದು ಬಂದಳು.

“ಸರ್, ಹಳೆಯ ಕೆಸರು ಎಲ್ಲಿ?” ಎಂದಳು.

“ತೋಟದಲ್ಲಿದೆಯಮ್ಮ, ಬೇಕಾದಷ್ಟು ತೆಗೆದುಕೋ” ಎಂದೆ.

ಆಕೆ ನಗಲಿಲ್ಲ. “ಮೇಲಿನದೂ ಕೆಳಗಿನದೂ ಕಲೆತುಹೋದ ಮೇಲೆ ಅದನ್ನು ಓದಲು ಬರುವುದಿಲ್ಲ, ಸರ್.”

‘ಓದು’ ಎಂಬ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ಕಲ್ಲಿನ ಮೇಲಿನ ಅಕ್ಷರವನ್ನು ಓದುವ ವಿದ್ಯೆಯೂ ಕಲ್ಲನ್ನೇ ಓದುವ ವಿದ್ಯೆಯೂ ನಮ್ಮ ನಾಡಿನಲ್ಲಿ ಹೆಚ್ಚುಕಡಮೆ ಒಟ್ಟಿಗೇ ಬೆಳೆದವು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ ಹೊರಬಂದುದು 1886ರಲ್ಲಿ. ಎಂಟು ವರ್ಷಗಳ ತರುವಾಯ, 1894ರಲ್ಲಿ, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಆರಂಭವಾಯಿತು. ಅಂದು ಆ ಶಾಸ್ತ್ರದ ಮುಖ ಹೆಚ್ಚಾಗಿ ಗಣಿಗಳ ಕಡೆಗೆ ಇತ್ತು. ಮಳೆಯ ಚರಿತ್ರೆಯನ್ನು ಕೆಸರಿನಲ್ಲಿ ಹುಡುಕುವ ಕಾಲ ಬರಲು ಇನ್ನೂ ಬಹಳ ವರ್ಷಗಳು ಬೇಕಾದವು.

ನಮ್ಮ ಜಿಲ್ಲೆಯ ಮಟ್ಟಿಗೆ ಆ ಕಾಲ ಬಂದುದು ವಿಶ್ವವಿದ್ಯಾನಿಲಯದ ಮೂಲಕ. ಮಂಗಳೂರಿನಲ್ಲಿ 1968ರಲ್ಲಿ ತೆರೆದ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನಕ್ಕೆಂದೇ ಒಂದು ವಿಭಾಗ ಬೆಳೆಯಿತು. ಆ ವಿಭಾಗದ ಆರ್. ಶಂಕರ್ ಮತ್ತು ಅವರ ಸಂಗಡಿಗರು ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಕೆಸರನ್ನು ಪದರಪದರವಾಗಿ ಪರೀಕ್ಷಿಸಿ, ಸುಮಾರು 3,700 ವರ್ಷಗಳ ಮಳೆಯ ಏರಿಳಿತವನ್ನು 2006ರಲ್ಲಿ ಪ್ರಕಟಿಸಿದರು. ಹಲ್ಮಿಡಿ ಶಾಸನದ ಕಾಲ ಸುಮಾರು 450 ಎಂದು ನಾವು ಪಾಠ ಹೇಳುತ್ತೇವೆ. ಈ ಕೆಸರಿನ ಬರೆಹ ಅದಕ್ಕಿಂತ ಎರಡು ಸಾವಿರ ವರ್ಷಗಳಷ್ಟು ಹಿಂದಿನಿಂದ ತೊಡಗುತ್ತದೆ.

ಓದುವ ಕ್ರಮ ಸೋಜಿಗದ್ದು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕಾಂತೀಯ ಕಣಗಳು ಹುಟ್ಟುತ್ತವೆ. ಮಳೆ ಚೆನ್ನಾಗಿ ಬಂದ ಕಾಲದಲ್ಲಿ ಅವು ಹೆಚ್ಚಾಗಿ ಹುಟ್ಟಿ, ನೀರಿನೊಡನೆ ಹರಿದುಬಂದು ಕೆರೆಯ ತಳದಲ್ಲಿ ಕೂರುತ್ತವೆ. ಮಳೆ ಹಿಂಜರಿದಾಗ ಅವೂ ಕಡಮೆ. ಪದರಗಳ ಕಾಂತೀಯತೆಯನ್ನು ಅಳೆದರೆ ಮಳೆಯ ಅಂದಾಜು, ಕೆಸರಿನಲ್ಲಿರುವ ಇಂಗಾಲವನ್ನು ಅಳೆದರೆ ಕಾಲದ ಅಂದಾಜು. ಆದರೆ ಲಿಪಿ ಎಲ್ಲೆಡೆಯೂ ಒಂದೇ ಅಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಚಿತ್ರದುರ್ಗದ ಸೂತ್ರವನ್ನು ಸುಮಾರು 4,000 ಮಿಲಿಮೀಟರ್ ಸುರಿಯುವ ನಮ್ಮ ನೆಲಕ್ಕೆ ಹಾಗೆಯೇ ಹಚ್ಚಲಾಗದು. ಇಲ್ಲಿಯ ಕೆರೆಗಳನ್ನು ಇಲ್ಲಿಯೇ ಓದಬೇಕು.

ತಾಳಗುಂದದ ಸ್ತಂಭಶಾಸನ ನಿಮಗೆ ನೆನಪಿರಬಹುದು. ಕದಂಬ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯ ನೆವದಲ್ಲಿ ಕವಿ ಕುಬ್ಜನು ಅವನ ವಂಶದ ಕಥೆಯನ್ನೇ ಹೇಳಿದ. ದಂಡೆಯ ಮೇಲಿನ ಕಲ್ಲು ಅರಸನನ್ನು ನೆನೆಯಿತು. ಆ ಕೆರೆಯನ್ನು ತುಂಬಿಸಿದ ಮಳೆಯ ಕಥೆಯನ್ನು ಕಲ್ಲಿಗೆ ಯಾರೂ ಹೇಳಲಿಲ್ಲ. ಅದು ಕೆಸರಿಗೆ ಬಿಟ್ಟ ಕೆಲಸ.

ಇದು ಬರಿಯ ಪಂಡಿತರ ಕುತೂಹಲವಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಜರಿದು ದಾರಿ ಮುಚ್ಚಿದಾಗ, ಬೆಳ್ತಂಗಡಿ ತಾಲ್ಲೂಕಿನ ಹಳ್ಳಿಗಳಿಗೆ ಹೊಳೆ ನುಗ್ಗಿದಾಗ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇಂಥ ಮಳೆ ಹಿಂದೆ ಬಂದಿತ್ತೇ? ಅಜ್ಜಂದಿರ ನೆನಪು ಎಪ್ಪತ್ತು ಎಂಬತ್ತು ವರ್ಷಗಳಾಚೆ ಹೋಗದು. ಒಂದು ದಿನದ ಪ್ರವಾಹ ಕೆಸರಿನಲ್ಲಿಯೂ ಸುಲಭವಾಗಿ ಕಾಣದಿರಬಹುದು. ಆದರೆ ಮಳೆಗಾಲಗಳು ದಶಕದಿಂದ ದಶಕಕ್ಕೆ ಹೇಗೆ ಬದಲಾದವೆಂದು ಹೇಳಬಲ್ಲ ಸಾಕ್ಷಿ ನಮ್ಮೂರಿನಲ್ಲಿ ಬೇರೆ ಯಾವುದಿದೆ? ಸೇತುವೆಯನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು, ಮನೆಯನ್ನು ಹೊಳೆಯಿಂದ ಎಷ್ಟು ದೂರ ಇಡಬೇಕು ಎಂದು ಯೋಚಿಸುವವನಿಗೆ ಆ ಸಾಕ್ಷಿ ಬೇಕು.

ಶಾಸನದ ಕಲ್ಲನ್ನು ಬಟ್ಟೆ ಒಗೆಯಲು ಹಾಸಿದವರ ಕಥೆಯನ್ನು ತರಗತಿಯಲ್ಲಿ ಹೇಳಿ ನಾನು ನಗುತ್ತಿದ್ದೆ. ನಾವು ಮಾಡಿದ್ದೂ ಅದನ್ನೇ. ಅವರಿಗೆ ಅಕ್ಷರ ಬರುತ್ತಿರಲಿಲ್ಲ ಎಂಬ ಸಮಾಧಾನವಾದರೂ ಉಂಟು.

ಕೇಳುಗರೆ, ಹೂಳೆತ್ತಬೇಡಿ ಎಂದು ನಾನು ಹೇಳುತ್ತಿಲ್ಲ. ಕೆರೆಯಲ್ಲಿ ನೀರು ನಿಲ್ಲಲೇಬೇಕು. ನಿಮ್ಮ ಊರಿನ ಕೆರೆಗೆ ಯಂತ್ರ ಇಳಿಯುವ ಮುನ್ನ ಹತ್ತಿರದ ವಿಶ್ವವಿದ್ಯಾನಿಲಯಕ್ಕೆ ಒಂದು ಕಾಗದ ಬರೆಯಿರಿ. ಯಾರಾದರೂ ಬಂದು ಒಂದು ಪೈಪಿನಷ್ಟು ಕೆಸರನ್ನು ಪದರ ಕೆಡದಂತೆ ಎತ್ತಿಕೊಂಡು ಹೋಗಲಿ. ಉಳಿದುದು ಅಡಿಕೆ ಮರದ ಬುಡಕ್ಕೆ ಸಲ್ಲಲಿ.

(ಆಕಾಶವಾಣಿಯ ಕೃಪೆಯಿಂದ)